ಬದುವಿನ ಮೂಲೆಯ ಮೊಟ್ಟೆಗಳು

ಹಿರೀಸಾವೆ ಕಡೆ ನಮ್ಮ ಹೊಲಕ್ಕೂ ಓರಗಿತ್ತಿಯ ಹೊಲಕ್ಕೂ ನಡುವೆ ಒಂದೇ ಬದು. ಪಾಲಾದಾಗಿನಿಂದ ಪ್ರತಿ ಉಳುಮೆಯಲ್ಲೂ ಅವಳು ಆ ಕಡೆಯಿಂದ ಒಂದಿಷ್ಟು ಕೆರೆಯುತ್ತಾಳೆ, ನಾನು ಈ ಕಡೆಯಿಂದ. ಇಬ್ಬರಿಗೂ ಮಾತಿರಲಿಲ್ಲ. ಬದು ಒಂದು ಪಾದ ಇಡುವಷ್ಟಕ್ಕೆ ಸವೆದು, ಕತ್ತಾಳೆ ಪೊದೆಯ ಮೂಲೆಯಲ್ಲಿ ಮಾತ್ರ ಅಗಲ ಉಳಿದಿತ್ತು.

ಹೋದ ಮುಂಗಾರಿನಲ್ಲಿ ಆ ಮೂಲೆಯಲ್ಲಿ ನಕ್ಷತ್ರದ ಆಮೆಯೊಂದನ್ನು ಕಂಡೆ. ಉಚ್ಚೆ ಹುಯ್ದು ಮಣ್ಣು ನೆನೆಸಿಕೊಂಡು ಹಿಂಗಾಲಲ್ಲಿ ಗುಂಡಿ ತೋಡುತ್ತಿತ್ತು. ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ಕುಟ್ಟಿ ಕುಟ್ಟಿ ಸಮ ಮಾಡಿತು. ನಾನು ಒಲೆ ಮೆತ್ತಿದರೂ ಅಷ್ಟು ನುಣುಪು ಬರುವುದಿಲ್ಲ. ತಿರುಗಿಯೂ ನೋಡದೆ ಹೊರಟುಹೋಯಿತು. ಮೊದಲೆಲ್ಲ ಸೊಪ್ಪಿಗೆ ಹೋದರೆ ಇವು ಕಾಲಿಗೆ ಸಿಗುತ್ತಿದ್ದವು. ಬೇಲಿಗಳನ್ನು ನಾವೇ ಸುಟ್ಟೆವು. ಉಳಿದ ಆಮೆಗಳನ್ನು ಮನೆಗೆ ಅದೃಷ್ಟವೆಂದು ಜನ ಹೊತ್ತೊಯ್ದರು.

ಮಾರನೆಯ ದಿನ ಓರಗಿತ್ತಿ ಟ್ರಾಕ್ಟರಿನವನಿಗೆ ಬದು ತೋರಿಸುತ್ತ ನಿಂತಿದ್ದಳು. ನಾನೇ ಬಾಯಿ ಬಿಟ್ಟೆ.

“ಆ ಮೂಲೆ ಕೆರೀಬ್ಯಾಡ ಕಣೆ. ಆಮೆ ಮೊಟ್ಟೆ ಇಕ್ಕೈತೆ.”

“ಓಹೋ! ಬದು ಉಳಿಸ್ಕಳಾಕೆ ಆಮೆನ ಬಾಡಿಗೆಗೆ ತಂದ್ಯೇನಕ್ಕ? ಎಲ್ಲಿ, ತೋರ್ಸು ಮೊಟ್ಟೆಯ.”

“ಕೆದಕುದ್ರೆ ಕೆಟ್ಟೋಯ್ತವೆ. ಬಸುರಿ ಒಟ್ಟೆ ಬಗ್ದು ಮಗೀನ ನೋಡ್ತಾರೇನೆ?”

“ಕಾಣ್ದೆ ಇರೋದ್ನ ನಾನು ನಂಬಾಕಿಲ್ಲ.”

ತೋಡಿ ತೋರಿಸಿದ್ದರೆ ಜಗಳ ನಾನು ಗೆಲ್ಲುತ್ತಿದ್ದೆ, ಮೊಟ್ಟೆ ಹಾಳಾಗುತ್ತಿದ್ದವು.

“ನಂಬಬ್ಯಾಡ ಬುಡು. ಆ ಮೂಲೆ ಒಂದ್ನ ಬುಟ್ಟು, ಮಿಕ್ಕ ಬದುನ ನನ್ ಕಡೀಕೆ ಒಂದು ಸಾಲು ಒತ್ಕೊ.”

ಅವಳು ಟ್ರಾಕ್ಟರಿನವನಿಗೆ ಕೈ ಮಾಡಿದಳು. ಟ್ರಾಕ್ಟರು ಮೂಲೆ ಬಳಸಿಕೊಂಡು ಹೋಯಿತು. ಒಂದು ಸಾಲು ಬಿಟ್ಟುಕೊಟ್ಟೆನೆಂದು ಮಗ ಬೈದ. ಬೈಯಲಿ, ಉಳುವವನು ಅವನು. ನಾಯಿ, ಮುಂಗುಸಿ ಕೆದಕದ ಹಾಗೆ ಮೂಲೆಗೆ ಮುಳ್ಳು ಹೊದಿಸಿ ಬಂದೆ. ಓರಗಿತ್ತಿ ಆ ವರ್ಷ ಬದುವಿನ ಹುಲ್ಲಿಗೆ ಬೆಂಕಿ ಇಡಲಿಲ್ಲ. ಏಕೆಂದು ನಾನು ಕೇಳಲಿಲ್ಲ.

ರಾಗಿ ಕೊಯ್ಯುವಾಗ ಆ ಕಡೆಯಿಂದ ಅವಳ ಕೂಗು ಕೇಳಿತು.

“ಅಕ್ಕೋ! ಓಡ್ಬಾ. ನಿನ್ ಸಾಕ್ಷಿಗಳು ಎದ್ ಬತ್ತಾವೆ!”

ನಿಂಬೆಹಣ್ಣಿಗಿಂತ ಚಿಕ್ಕ ಮರಿಯೊಂದು ಮೈಗೆಲ್ಲ ಮಣ್ಣು ಮೆತ್ತಿಕೊಂಡು ಮುಳ್ಳಿನ ಸಂದಿಯಿಂದ ಹೊರಬಂದಿತ್ತು. ಹಿಂದೆ ಇನ್ನೊಂದರ ತಲೆ. ಎತ್ತಿಕೊಳ್ಳಲು ಬಗ್ಗಿದ ನನ್ನ ಸೊಸೆಯ ಕೈಗೆ ಓರಗಿತ್ತಿ ಪಟ್ಟನೆ ಹೊಡೆದಳು.

“ಮುಟ್ಟೀಯ! ಅದ್ರ ಪಾಡಿಗ್ ಅದು ಓಗ್ಲಿ.”

ಅವು ಸಾಲು ದಾಟಿ ಕತ್ತಾಳೆ ಬುಡ ಸೇರುವವರೆಗೂ ಕುಡುಗೋಲು ಕೆಳಗಿಟ್ಟು ನಿಂತಿದ್ದೆವು.

ಒತ್ತಿಕೊಂಡ ಸಾಲನ್ನು ಅವಳು ವಾಪಸು ಕೊಟ್ಟಿಲ್ಲ, ಕೊಡುವವಳೂ ಅಲ್ಲ. ಆದರೆ ಈ ಸಲ ಉಳುವಾಗ ಮೂಲೆಗೆ ಅಡ್ಡ ನಿಂತು ಟ್ರಾಕ್ಟರಿನವನನ್ನು ಬೈದವಳು ಅವಳೇ.