ಅರ್ಜುನಪ್ಪ ಹಾಕಿದ ಬೀಗ

ಗುಡ್ಡವ್ವನಿಗೆ ಮಗಳ ಮುಖ ಮರೆಯತೊಡಗಿತ್ತು. ನಾಲ್ಕು ವರ್ಷದ ಮುತ್ತವ್ವ ಜ್ವರದಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಎದುರಿಗೆ ಬಂದು ನಿಲ್ಲುತ್ತಿದ್ದಳು. ಈಗಲೂ ಬರುತ್ತಿದ್ದಳು, ಆದರೆ ಬೆನ್ನು ತಿರುಗಿಸಿಕೊಂಡು.

ಇದ್ದದ್ದು ಒಂದೇ ಫೋಟೋ. ಮಗಳು ಹೋದಮೇಲೆ ಹೆಂಡತಿ ಊಟ ಬಿಟ್ಟು ಅಂಗಿ ಮೂಸುತ್ತ ಕೂಡುವುದನ್ನು ನೋಡಲಾರದೆ, ಗಂಡ ಅರ್ಜುನಪ್ಪ ಆ ಅಂಗಿ, ಬಳೆ, ಫೋಟೋ ಎಲ್ಲವನ್ನೂ ತಗಡಿನ ಪೆಟ್ಟಿಗೆಯಲ್ಲಿಟ್ಟು, ಮೂರು ಅಂಕಿಚಕ್ರದ ಹಿತ್ತಾಳೆ ಬೀಗ ಹಾಕಿದ್ದ.

"ನಂಬರ ನಿನಗ ಗೊತ್ತಿರೂದ ಐತಿ. ನೀ ದಿನಾ ಕೇಳೀದಿ," ಅಂದಿದ್ದ.

ಸಿಟ್ಟಿನಲ್ಲಿ ಆಕೆ ಎದ್ದು ಹೋಗಿದ್ದಳು. ಮುಂದೆ ಆ ಮಾತು ಇಬ್ಬರ ನಡುವೆ ಬರಲೇ ಇಲ್ಲ. ಹೋದ ಶ್ರಾವಣದಲ್ಲಿ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಬಂದು ಸೈಕಲ್ಲು ಗೋಡೆಗೆ ಆನಿಸಿದವನು ಅಲ್ಲೇ ಕುಸಿದ, ಮತ್ತೆ ಏಳಲಿಲ್ಲ.

ರಾಯಾಪುರದ ಮನೆಯಲ್ಲಿ ಜೋಳ ಅಳೆದು ಮಾರುತ್ತ ಗುಡ್ಡವ್ವ ದಿನ ನೂಕಿದಳು. ಮಗಳು ಹುಟ್ಟಿದ ತಾರೀಖು, ಹೋದ ತಾರೀಖು, ಎಲ್ಲ ತಿರುಗಿಸಿ ನೋಡಿದಳು. ಬೀಗ ಒಡೆಸಿದರೆ ಗಂಡನ ಕೈಯನ್ನೇ ತಿರುಚಿದಂತೆ ಅನಿಸುತ್ತಿತ್ತು. ಕಡೆಗೆ ೧೯೬೩ರ ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ, ಬೀಗ ರಿಪೇರಿಯ ಉಸ್ಮಾನಸಾಬನ ಹತ್ತಿರ ಹೋದಳು.

"ನಂಬರ ಹೇಳ್ರಿ ಅಕ್ಕಾರ."

"ನಂಬರ ಗೊತ್ತಿದ್ರ ನಿಮ್ಮ ಮಾರಿ ನೋಡಾಕ ಬರ್ತಿದ್ದೆನೇನ್ರಿ ಸಾಬರ?"

ಅವನು ನಕ್ಕು, ಕೊಂಡಿಯನ್ನು ಬಿಗಿಯಾಗಿ ಎಳೆದು ಹಿಡಿದು ಮೊದಲ ಚಕ್ರ ತಿರುವಿದ. "ಖರೇ ಅಂಕಿ ಬಂದ್ರ ಕೈಗೆ ತಿಳೀತೈತ್ರಿ, ತಟಗ ಜಗ್ಗತೈತಿ. ಹಾಂ, ಒಂದು." ಎರಡನೆಯ ಚಕ್ರ ಮೂರಕ್ಕೆ ನಿಂತಿತು. ಮೂರನೆಯದಕ್ಕೆ ಅವನ ಬೆರಳು ತಡೆಯಿತು. "ಇದು ಭಾಳ ಸವದೈತಿ, ಅಂಕಿ ಕೈಗೆ ಸಿಗವಲ್ದು. ಈ ಕೀಲಿ ದಿನಾ ತಗದಾರ್ರಿ, ವರ್ಸಗಟ್ಲೆ."

"ಯಾರೂ ತಗದಿಲ್ಲ. ಹಾಕಿದ್ದು ಹಾಕಿದಂಗ ಐತಿ."

"ಹಿತ್ತಾಳಿ ಸುಳ್ಳ ಹೇಳೂದಿಲ್ರಿ."

ಗುಡ್ಡವ್ವನಿಗೆ ಆಗ ಹೊಳೆಯಿತು. ಸಂಜೆ ಅರ್ಜುನಪ್ಪ ಕೆಲಸದಿಂದ ಬರುವ ಹೊತ್ತಿಗೇ ಆಕೆ ಬಾವಿಗೆ ಹೋಗುತ್ತಿದ್ದಳು, ಮನೆಯಲ್ಲಿ ಅವನೊಬ್ಬನೇ ಇರುತ್ತಿದ್ದ.

ಒಂದು, ಮೂರು. ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಪಕ್ಕದಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಅಳೆಯುತ್ತಿದ್ದ ಮುತ್ತವ್ವ ಅದನ್ನೇನೋ ಕಲಿತಿದ್ದಳು, ಮುಂದಿನದನ್ನು ಎಷ್ಟು ತಿದ್ದಿದರೂ ಕಲಿಯಲಿಲ್ಲ. "ಲಾಭಾ, ಮೂರು, ಎರಡು." ಅರ್ಜುನಪ್ಪ ಹೊಸ್ತಿಲಲ್ಲಿ ಕೂತು ನಗುತ್ತಿದ್ದ.

ಆ ಸಣ್ಣ ದನಿ ಪೆಟ್ಟಿಗೆಯೊಳಗಿಂದಲೇ ಬಂದಂತಾಯಿತು.

"ಎರಡು," ಅಂದಳು ಗುಡ್ಡವ್ವ.

ಬೀಗ ಬಿಚ್ಚಿತು. ಅಂಗಿಯ ಮೇಲೇ ಫೋಟೋ ಇತ್ತು. ಅದರಲ್ಲಿ ಮಗಳ ಲಂಗ, ಜಡೆ, ಕಾಲಗೆಜ್ಜೆ ಎಲ್ಲ ನಿಚ್ಚಳವಾಗಿದ್ದವು. ಮುಖವಿದ್ದ ಜಾಗದಲ್ಲಿ ಹೆಬ್ಬೆರಳಿನಗಲದ ಕಪ್ಪು ಕಲೆ. ವರ್ಕ್‌ಶಾಪಿನ ಎಣ್ಣೆಗೈಯಿಂದ ದಿನಾ ಸವರಿ ಸವರಿ ಮೂಡಿದ್ದು. ಬೆರಳಿನ ಗೆರೆಗಳು ಸಹ ಕಾಣುತ್ತಿದ್ದವು.

"ನಂಬರ ಬದಲಿ ಮಾಡ್ಲೇನ್ರಿ?"

"ಬ್ಯಾಡ್ರಿ. ಅದ ಇರ್ಲಿ."

ಮರುದಿನ ನೆರೆಮನೆಯ ಹಾಜರಾಬಿ ಜೋಳಕ್ಕೆ ಬಂದಳು. ಗುಡ್ಡವ್ವ ಸೇರು ತುಂಬಿ ಸುರಿದಳು. "ಲಾಭಾ... ಮೂರು..."

"ಗುಡ್ಡಕ್ಕಾ, ನಡುವ ಒಂದು ಸೇರು ನುಂಗಿಬಿಟ್ರಲ್ಲ," ಹಾಜರಾಬಿ ಚೀಲ ಹಿಡಿದುಕೊಂಡೇ ಕುಟುಕಿದಳು.

ಗುಡ್ಡವ್ವ ತಿದ್ದಿಕೊಳ್ಳಲಿಲ್ಲ. ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತವಳು ಚಿಪ್ಪು ತುಂಬುತ್ತಿದ್ದಳು. ಮುಂದಿನ ಅಂಕಿಯನ್ನು ತಾಯಿಗಿಂತ ಮೊದಲು ಅವಳೇ ಹೇಳಿದಳು. ಮುಖ ಮಾತ್ರ ಇತ್ತ ತಿರುಗಲಿಲ್ಲ.