ಜೀನ್ಸ್ ಬಣ್ಣದ ತಲೆ

ನಿನ್ನೆ ತಲೆಗೆ ಹಚ್ಚಲೆಂದು ನೀಲಿ ಸೊಪ್ಪಿನ ಪುಡಿಗೆ ಬೆಚ್ಚಗಿನ ನೀರು ಬಿಟ್ಟು ಕಲಸುತ್ತಿದ್ದೆ. ಗಮ್ಮೆಂದು ಆ ಹಸಿ ವಾಸನೆ ಎದ್ದಿತು ನೋಡಿ, ಪಕ್ಕದ ಮನೆಯ ದೊಡ್ಡಮ್ಮ ಬಂದು ಎದುರಿಗೇ ಕೂತಂತಾಯಿತು...

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಹೊಲಿದು, ಸಾಕಪ್ಪ ಆ ಬಾಡಿಗೆ ಕೋಣೆ ಎಂದು ರಾಯದುರ್ಗಕ್ಕೆ ವಾಪಸ್ ಬಂದಿದ್ದರು ದೊಡ್ಡಮ್ಮ. ಬಂದವರೇ ಹಿತ್ತಲಲ್ಲಿ ನೀಲಿ ಗಿಡದ ಬೀಜ ಹಾಕಿದರು. ಗಿಡ ಸೊಂಟದೆತ್ತರ ಬೆಳೆದು ಗುಲಾಬಿ ಬಣ್ಣದ ಪುಟ್ಟ ಹೂ ಇಣುಕಿದ ಕೂಡಲೇ ಸೊಪ್ಪು ಕೊಯ್ದು, ನೆರಳಲ್ಲಿ ಒಣಗಿಸಿ, ಕುಟ್ಟಿಡುತ್ತಿದ್ದರು. ಬಿಳಿಕೂದಲಿಗೆ ಮೊದಲು ಗೋರಂಟಿ ಹಚ್ಚಬೇಕು, ತೊಳೆದ ಮೇಲೆ ನೀಲಿ. ಆಗಲೇ ಕಪ್ಪಾಗುವುದು.

ನಾನು ಹೊಲಿಯುತ್ತಿದ್ದ ಜೀನ್ಸ್ ಯೂನಿಟ್ಟಿಗೆ ಅವರು ಕೆಲಸ ಕೇಳಿ ಬಂದರು. ಸೂಪರ್‌ವೈಸರ್ ಬರೀ ಅವರ ಬಣ್ಣ ಹಚ್ಚದ ಬಿಳಿ ತಲೆ ನೋಡಿದ. "ವಯಸ್ಸಾದೋರಿಗೆ ಇಲ್ಲಿ ಆಗಂಗಿಲ್ಲ, ಹೋಗಮ್ಮ" ಅಂದ. ಮಿಷನ್ ಮುಟ್ಟಲೂ ಬಿಡಲಿಲ್ಲ. ಇಲ್ಲಿ ಸಿಗದಿದ್ದರೆ ಮತ್ತೆ ಮನೆಗೆ ಬೀಗ ಜಡಿದು ಬೆಂಗಳೂರಿನ ಬಸ್ಸು ಹತ್ತಬೇಕು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಕೂದಲು ಕಪ್ಪು ಮಾಡಿ ಕರೆದೊಯ್ಯುತ್ತೇನೆಂದು ಹಟ ಹಿಡಿದೆ. "ಗೋರಂಟಿ ಮೊದ್ಲು ಹಚ್ಚವ್ವ" ಎಂದರು ದೊಡ್ಡಮ್ಮ. ಡ್ಯೂಟಿಗೆ ಹೊತ್ತಾಯಿತೆಂದು ಆತುರಗೇಡಿ ನಾನು ನೇರ ನೀಲಿಯನ್ನೇ ಬಳಿದೆ.

ತೊಳೆದರೆ... ಅಯ್ಯೋ ಶಿವನೇ! ಥೇಟ್ ಹೊಸ ಜೀನ್ಸ್ ಪ್ಯಾಂಟಿನ ಬಣ್ಣ!

ನಾನು ಅಳುತ್ತ ನಿಂತೆ. ದೊಡ್ಡಮ್ಮ ಕನ್ನಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತಲೆಗೆ ಸೆರಗೂ ಹೊದೆಯದೆ ಬಜಾರಿನಲ್ಲೇ ನಡೆದರು. ಸೂಪರ್‌ವೈಸರನ ಎದುರು ತಲೆ ಬಗ್ಗಿಸಿ, "ನೋಡ್ರಿ, ನಿಮ್ಮ ಮಾಲಿನ ಬಣ್ಣಾನ ತಲಿಗೆ ಹಚ್ಕೊಂಡು ಬಂದೀನಿ. ಈಗಾರ ಒಂದು ಪ್ಯಾಂಟು ಹೊಲ್ಯಾಕ ಕೊಡ್ರಿ" ಎಂದರು. ಅವನೂ ನಗು ತಡೆಯಲಾಗದೆ ಒಂದನ್ನು ಕೊಟ್ಟುಬಿಟ್ಟ. ಹೊಲಿದದ್ದನ್ನು ಬೆಳಕಿಗೆ ಹಿಡಿದು, ಆ ಜೋಡಿ ಹೊಲಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಗು ನಿಂತಿತು.

"ನಾಳಿಂದ ಬರ್ರಿ" ಅಂದ.

'ಹೋಗಮ್ಮ' ಅಂದಿದ್ದವನ ಬಾಯಲ್ಲೇ 'ಬರ್ರಿ'! ನಾವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದೆವು. ದೊಡ್ಡಮ್ಮ ಬೆಂಗಳೂರಿನ ಬಸ್ಸು ಮತ್ತೆ ಹತ್ತಲೇ ಇಲ್ಲ. ಕಣ್ಣು ಮಂಜಾಗುವವರೆಗೂ ಆ ಮಿಷನ್ ಅವರದೇ ಆಗಿತ್ತು.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಪಕ್ಕದ ಮನೆ ಕಡೆ ನೋಡಿದರೆ ಬಿಕೋ ಅನ್ನಿಸುತ್ತದೆ... ಅವರು ಕೊಟ್ಟ ಬೀಜ ನನ್ನ ಹಿತ್ತಲಲ್ಲಿ ಗಿಡವಾಗಿ ಹೂ ಬಿಟ್ಟಿದೆ. ನನ್ನ ತಲೆಯೂ ನೆರೆತಿದೆ. ಗೋರಂಟಿ ಹಚ್ಚುವಾಗ ಹಣೆಯ ಮೇಲಿನ ಒಂದು ಎಳೆಯನ್ನು ಬೇಕೆಂದೇ ಬಿಡುತ್ತೇನೆ. ನಿನ್ನೆಯೂ ಬಿಟ್ಟೆ.

ಇವತ್ತು ಯೂನಿಟ್ಟಿನಲ್ಲಿ ಹೊಸದಾಗಿ ಸೇರಿದವಳೊಬ್ಬಳು, "ಅಕ್ಕಾ, ಇದೊಂದು ಕೂದ್ಲು ಯಾಕ ನೀಲಿ ಆಗೇತ್ರಿ?" ಎಂದಳು.

"ಅದು ನಮ್ಮ ದೊಡ್ಡಮ್ಮನ ಪಾಲವ್ವ" ಎಂದೆ.