ಮೂರು ಕೀಲಿ, ಒಂದು ಕಂಪ್ಯೂಟರ್

ಕುಂಭಾಶಿಯ ಗಿರಿಜಾ ಕುಂದಾಪುರದ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಹದಿನಾಲ್ಕು ವರ್ಷ ಗುತ್ತಿಗೆದಾರರ ಟೆಂಡರ್ ಅರ್ಜಿಗಳನ್ನು ಸರ್ಕಾರದ ಪೋರ್ಟಲಿಗೆ ಏರಿಸಿದಳು. ಮೀನಿನ ಬುಟ್ಟಿ ಹೊತ್ತು ಓದಿಸಿದ ತಾಯಿ ತೀರಿಹೋಗಿದ್ದಳು. ಮದುವೆ ಆಗಿರಲಿಲ್ಲ. ನೂರಾರು ಪುಟದ ಷರತ್ತುಗಳಲ್ಲಿ ಎಲ್ಲಿಗೆ ಯಾವ ಪ್ರಮಾಣಪತ್ರ ಬೇಕೆಂಬುದು ಅವಳಿಗೆ ಬಾಯಿಪಾಠ. ಅವಳು ಹಾಕಿದ ಅರ್ಜಿ ಕಾಗದ ಸಾಲದೆಂದು ತಿರಸ್ಕೃತವಾದದ್ದು ಒಮ್ಮೆಯೂ ಇಲ್ಲ.

ಕಳೆದ ವರ್ಷ ಹೊಳೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಅಣೆಕಟ್ಟಿನ ಟೆಂಡರ್ ಬಂತು. ನಕ್ಷೆಯಿಂದ ಹಿಡಿದು ಐದು ವರ್ಷದ ನಿರ್ವಹಣೆಯವರೆಗೆ ಒಬ್ಬನೇ ಗುತ್ತಿಗೆದಾರನ ಹೊಣೆ. ಮೊದಲು ತಾಂತ್ರಿಕ ಅರ್ಹತೆ ನೋಡಿ, ಅದರಲ್ಲಿ ಪಾಸಾದವರ ದರ ಮಾತ್ರ ತೆರೆಯುವುದು. ಕೊನೆಯ ದಿನ ಮಧ್ಯಾಹ್ನ ಗುತ್ತಿಗೆದಾರ ಚಂದ್ರ ಡಿಜಿಟಲ್ ಸಹಿಯ, ಪೆನ್‌ಡ್ರೈವಿನಂಥ ಮೂರು ಕೀಲಿಗಳನ್ನು ಮೇಜಿನ ಮೇಲಿಟ್ಟ. ಒಂದು ಅವನದು, ಒಂದು ಭಾವನದು, ಮತ್ತೊಂದು ಗೆಳೆಯನದು. ಗೆಲ್ಲಬೇಕಾದವನು ಚಂದ್ರ, ಉಳಿದೆರಡು ಹೆಚ್ಚು ದರದ, ತೋರಿಕೆಯ ಅರ್ಜಿ.

"ಚಂದ್ರಣ್ಣ, ಮೂರೂ ಇದ್ರಗೇ ಹಾಕೂಕ್ ಆತಿಲ್ಲೆ. ಯಾವ ಕಂಪ್ಯೂಟರಿಂದ ಬಂದದ್ ಅಂದೇಳಿ ಅಲ್ಲಿ ಗೊತ್ತಾತ್."

"ಯಾರ್ ಕಾಣ್ತ್ರ್ ಮಾರಾಯ್ತಿ? ನಾಲ್ಕ್ ಗಂಟಿಗ್ ಮುಗಿತ್. ಹಿಂದೆ ಆರ್ ಸಲ ಹಾಕಿದ್ಯಲೆ, ಎಂತ ಆಯ್ತ್?"

ಹಾಕಿದ್ದಳು, ನಿಜ. ಇವನನ್ನು ಕಳೆದುಕೊಂಡರೆ ಉಳಿದವರೂ ಬೇರೆ ಕಡೆ ಹೋಗುತ್ತಾರೆಂಬ ಭಯಕ್ಕೆ ಈಗಲೂ ಹಾಕಿದಳು.

ದರ ತೆರೆದಾಗ ಚಂದ್ರನದೇ ಕಡಿಮೆ. ತಾಂತ್ರಿಕ ಹಂತದಲ್ಲೇ ಹೊರಬಿದ್ದಿದ್ದ ಹೊರಜಿಲ್ಲೆಯ ಕಂಪನಿಯೊಂದು ದೂರು ಕೊಟ್ಟಿತು. ಮೂರೂ ಒಂದೇ ಕಡೆಯಿಂದ ಬಂದದ್ದು ಬಯಲಾಗಿ ಟೆಂಡರ್ ರದ್ದಾಯಿತು. ವಿಚಾರಣೆಯಲ್ಲಿ ಮೂವರು ಗುತ್ತಿಗೆದಾರರದೂ ಒಂದೇ ಮಾತು: ನಮಗೆ ಕಂಪ್ಯೂಟರ್ ಬರುವುದಿಲ್ಲ, ನಂಬಿ ಕೀಲಿ ಕೊಟ್ಟೆವು, ಒಬ್ಬರ ದರ ಇನ್ನೊಬ್ಬರಿಗೆ ಹೇಳಿದವಳು ಅವಳೇ.

"ಮೂರನ್ನೂ ಏರಿಸಿದ್ದು ನೀವೇ ಅಲ್ಲವೆ?" ಅಧಿಕಾರಿ ಗಿರಿಜಾಳನ್ನು ಕೇಳಿದರು.

"ಹೌದ್ ಸಾರ್. ಆರೆ ಹಾಕೂಕ್ ಹೇಳಿದ್ದ್..."

"ಕೇಳಿದ್ದಕ್ಕೆ ಉತ್ತರ ಬಂತು. ಸಹಿ ಮಾಡಿ."

ಕಚೇರಿಯ ಜಗಲಿಯಲ್ಲಿ ಅವಳು ಚಂದ್ರನ ದಾರಿಗೆ ಅಡ್ಡ ನಿಂತಳು. "ಹ್ವಾಯ್ ಚಂದ್ರಣ್ಣ, ಎಂತಕೆ ಹೀಂಗ್ ಹೇಳಿದ್ರಿ?"

"ನಂಗ್ ಹೆಂಡ್ತಿ ಮಕ್ಳ್ ಇದ್ರ್. ನಿಂಗ್ ಯಾರಿದ್ರ್ ಹೆಣ್ಣೆ?" ಎಂದು ಅವನು ಕಾರು ಹತ್ತಿದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆ ವಾರವೆಲ್ಲ ಕೂತು ಗಿರಿಜಾ ಹಿಂದಿನ ಆರು ಟೆಂಡರುಗಳ ಕತೆಯನ್ನು, ದಿನಾಂಕ, ಹೆಸರುಗಳ ಸಮೇತ ಹನ್ನೊಂದು ಪುಟ ಬರೆದು ಇಲಾಖೆಗೆ ಕೊಟ್ಟಳು. ಎದೆ ಹಗುರವಾಯಿತು. ಸತ್ಯ ಪೂರ್ತಿ ಹೇಳಿದರೆ ಯಾರಾದರೂ ಓದಿಯಾರೆಂದು ನಂಬಿದ್ದಳು. ಓದಿದರು. ಇನ್ನೂ ಆರು ಅಕ್ರಮಗಳಲ್ಲಿ ಭಾಗಿಯಾದುದನ್ನು ಆಕೆ ಸ್ವಹಸ್ತದಿಂದ ಒಪ್ಪಿಕೊಂಡಿದ್ದಾಳೆಂದು ಬರೆದು ಪೊಲೀಸರಿಗೆ ಕಳಿಸಿದರು. ಅವಳ ಮೇಲೆ ಮೊಕದ್ದಮೆ ದಾಖಲಾಯಿತು. ಮೂವರು ಗುತ್ತಿಗೆದಾರರಿಗೆ ಎಚ್ಚರಿಕೆಯ ಪತ್ರ ಹೋಯಿತು. ಮರುಟೆಂಡರಿನಲ್ಲಿ ಅಣೆಕಟ್ಟು ಚಂದ್ರನ ಹೆಂಡತಿಯ ಹೆಸರಿನ ಸಂಸ್ಥೆಗೆ ಸಿಕ್ಕಿತು.

ಕೋಣೆ ಬಿಟ್ಟ ಗಿರಿಜಾ ಗೇರುಬೀಜದ ಕಾರ್ಖಾನೆ ಸೇರಿದಳು. ಕೋರ್ಟಿನ ಮೊದಲ ವಾಯಿದೆಗೆ ರಜೆ ಕೇಳಿದಾಗ ಮೇಸ್ತ್ರಿ ಕೊಡಲಿಲ್ಲ. ಹೇಳದೆ ಹೋದಳು. ನ್ಯಾಯಾಧೀಶರು ರಜೆಯಲ್ಲಿದ್ದರು, ವಾಯಿದೆ ಮುಂದೆ ಹೋಯಿತು. ಮರುದಿನ ಕಾರ್ಖಾನೆಯ ಗೇಟಿನಲ್ಲಿ ಅವಳನ್ನು ಒಳಗೆ ಬಿಡಲಿಲ್ಲ.